ಹುಲಾ ಕಲಿಯಬಯಸುವ ಗಂಡಸರಿಗೆ: ಮೊದಲು ಮಾತು, ಆಮೇಲೆ ಹೆಜ್ಜೆ

ಹುಲಾ ಎಂಬುದು ಹವಾಯಿ ದ್ವೀಪಗಳ ನೃತ್ಯ. ಅಲ್ಲಿನ ಸಾಂಪ್ರದಾಯಿಕ ಹುಲಾ ಶಾಲೆಗಳಲ್ಲಿ ಅನೇಕ ಕಡೆ ವಿದ್ಯಾರ್ಥಿಗಳು ನೇರವಾಗಿ ಒಳಗೆ ನಡೆದುಬಿಡುವುದಿಲ್ಲ. ಬಾಗಿಲ ಹೊರಗೆ ಸಾಲಾಗಿ ನಿಂತು, ಒಳಬರಲು ಅಪ್ಪಣೆ ಕೋರುವ ಪಠಣವೊಂದನ್ನು ಒಕ್ಕೊರಲಿನಲ್ಲಿ ಹೇಳುತ್ತಾರೆ. ಒಳಗಿರುವ ಗುರು ಅದಕ್ಕೆ ಉತ್ತರವಾಗಿ ಇನ್ನೊಂದು ಪಠಣದಿಂದ ಕರೆದ ಮೇಲೆಯೇ ಹೊಸ್ತಿಲು ದಾಟುತ್ತಾರೆ. ಉಸಿರು ನಡುವೆ ಮುರಿದರೆ, ಉಚ್ಚಾರ ತಪ್ಪಿದರೆ, ದನಿಯಲ್ಲಿ ಮನಸ್ಸಿಲ್ಲ ಎಂದು ತೋರಿದರೆ ಗುರು ಸುಮ್ಮನಿರುತ್ತಾರೆ, ವಿದ್ಯಾರ್ಥಿಗಳು ಮೊದಲಿನಿಂದ ಶುರುಮಾಡುತ್ತಾರೆ. ಹುಲಾ ಎಂದರೆ ಸೊಂಟ ಕುಣಿಸುವುದು ಎಂದುಕೊಂಡು ಬಂದ ಗಂಡಸಿಗೆ ಈ ಬಾಗಿಲೇ ಮೊದಲ ಪಾಠ. ಈ ಕಲೆಯಲ್ಲಿ ಪದ್ಯ ಯಜಮಾನ, ದೇಹ ಅದರ ಆಳು. ಕೆಳಗೆ ಹೇಳುವ ಕ್ರಮವೆಲ್ಲವೂ ಈ ಒಂದು ಸಂಗತಿಯನ್ನು ಆಧರಿಸಿದೆ.

ಹೆಜ್ಜೆ ಇಡುವ ಮುನ್ನ, ಯಾರ ಹೆಜ್ಜೆ ಎಂದು ತಿಳಿಯಿರಿ

ಗಂಡಸರು ಹುಲಾ ಆಡುವುದು ಇತ್ತೀಚಿನ ವಿಚಿತ್ರವೆಂದು ಭಾವಿಸುವವರು ಹವಾಯಿಯ ಹೊರಗೆ ಇನ್ನೂ ಬಹಳ ಮಂದಿ ಇದ್ದಾರೆ. ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಮೂರನೆಯ ಯಾನದ ಜೊತೆಗಿದ್ದ ಚಿತ್ರಕಾರ ಜಾನ್ ವೆಬ್ಬರ್ ಹವಾಯಿಯಲ್ಲಿ ಬರೆದ ಚಿತ್ರಗಳಲ್ಲಿ, ಗರಿಗಳಿಂದ ಅಲಂಕರಿಸಿದ ಗಿಲಕಿಯನ್ನು ಕೈಯಲ್ಲಿ ಹಿಡಿದು, ಕಾಲಿಗೆ ನಾಯಿಹಲ್ಲಿನ ಪಟ್ಟಿ ಕಟ್ಟಿಕೊಂಡು ಕುಣಿಯುತ್ತಿರುವ ಗಂಡಸಿನ ಚಿತ್ರವೂ ಇದೆ. 1816ರಲ್ಲಿ ಅಲ್ಲಿಗೆ ಹೋದ ಚಿತ್ರಕಾರ ಲೂಯಿ ಶೋರಿಸ್ ಕೂಡ ಗಂಡಸರ ನೃತ್ಯವನ್ನು ಚಿತ್ರಿಸಿದ. ಇದನ್ನೇ ಹಿಡಿದು, ಹಿಂದೆ ಹುಲಾ ಗಂಡಸರಿಗೆ ಮಾತ್ರ ಸೇರಿತ್ತು ಎಂದು ಕೆಲವರು ಹೇಳುವುದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ; ಹವಾಯಿಯ ಪುರಾಣಗಳಲ್ಲಿ ಹುಲಾದ ಅಧಿದೇವತೆ ಲಕ, ಜ್ವಾಲಾಮುಖಿ ದೇವತೆ ಪೆಲೆಯ ತಂಗಿ ಹಿʼಇಅಕ, ಅವಳ ಗೆಳತಿ ಹೋಪೊಎ ಈ ಹೆಣ್ಣುಗಳೆಲ್ಲರ ಹೆಸರು ನೃತ್ಯಕ್ಕೆ ಅಂಟಿಕೊಂಡೇ ಬರುತ್ತದೆ. ಗಂಡು ಹೆಣ್ಣು ಇಬ್ಬರೂ ಆಡುತ್ತಿದ್ದರು ಎಂಬುದೇ ಹೆಚ್ಚು ಸರಿ.

ಗಂಡಸರ ಸಾಲು ತೆಳುವಾದುದು ಹೇಗೆ ಎಂಬುದು ಕಲಿಯುವವನಿಗೆ ಗೊತ್ತಿರಬೇಕು. 1820ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡಿನಿಂದ ಕ್ರೈಸ್ತ ಮಿಷನರಿಗಳು ಬಂದರು. ಹೊಸ ಧರ್ಮವನ್ನು ಸ್ವೀಕರಿಸಿದ ರಾಣಿ ಕʼಅಹುಮನು 1830ರಲ್ಲಿ ಸಾರ್ವಜನಿಕ ಹುಲಾವನ್ನು ನಿಷೇಧಿಸಿದಳು. 1859ರ ಕಾನೂನು ಪ್ರದರ್ಶನಕ್ಕೆ ಪರವಾನಗಿಯನ್ನು ಕಡ್ಡಾಯ ಮಾಡಿತು. ದೊರೆ ಡೇವಿಡ್ ಕಲಾಕೌಅ 1883ರ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಹುಲಾವನ್ನು ಅರಮನೆಯ ಅಂಗಳಕ್ಕೆ ಮರಳಿ ಕರೆತಂದ; ಮಿಷನರಿ ಕುಟುಂಬಗಳಿಗೆ ಅದು ಎಷ್ಟು ಕಹಿಯಾಯಿತೆಂದರೆ, ಹಾಡುಗಳ ಪಟ್ಟಿಯನ್ನು ಅಚ್ಚುಮಾಡಿದವರ ಮೇಲೆ ಅಶ್ಲೀಲತೆಯ ಮೊಕದ್ದಮೆಯೇ ನಡೆಯಿತು. 1893ರಲ್ಲಿ ರಾಜ್ಯವೇ ಉರುಳಿತು. ಆಮೇಲಿನ ಪ್ರವಾಸೋದ್ಯಮಕ್ಕೂ ಸಿನಿಮಾಕ್ಕೂ ಬೇಕಾಗಿದ್ದುದು ಹೂಮಾಲೆ ಹಾಕಿಕೊಂಡು ನಗುವ ಹೆಣ್ಣಿನ ಚಿತ್ರ. ವೇದಿಕೆಯ ಮೇಲಿನ ಗಂಡು ನಿಧಾನವಾಗಿ ಹಿಂದೆ ಸರಿದು ವಾದ್ಯ ನುಡಿಸುವವನಾದ.

ಹಾಗೆಂದು ವಿದ್ಯೆ ಗಂಡಸರ ಕೈತಪ್ಪಿ ಹೋಗಲಿಲ್ಲ. ಓಅಹು ದ್ವೀಪದ ಸ್ಯಾಮುಯೆಲ್ ಪುಅ ಹʼಅಹೆಒನಂಥ ಹಳೆಯ ಗುರುಗಳು 1930ರ ದಶಕದಲ್ಲಿ ತಮಗೆ ಗೊತ್ತಿದ್ದುದನ್ನು ಹೆಣ್ಣುಮಕ್ಕಳಿಗೆ ಕಲಿಸಿದರು. ಮುಂದೆ ದೊಡ್ಡ ಗುರುವೆನಿಸಿದ ಕೌʼಇ ಝುಟ್ಟರ್‌ಮೈಸ್ಟರ್ ಕಲಿತದ್ದು ಅವರಿಂದಲೇ. 1970ರ ದಶಕದಲ್ಲಿ ಹವಾಯಿ ಸಂಸ್ಕೃತಿಯ ಪುನರುಜ್ಜೀವನ ಆರಂಭವಾದಾಗ ಅದೇ ವಿದ್ಯೆ ಹೆಂಗಸರ ಕೈಯಿಂದ ಗಂಡಸರಿಗೆ ಹಿಂದಿರುಗಿತು. ಮೈಕಿ ಐಯು ಲೇಕ್ ಎಂಬ ಗುರು ಗಂಡಸರನ್ನೂ ಸೇರಿಸಿಕೊಂಡು ಗುರುಗಳನ್ನೇ ತಯಾರುಮಾಡುವ ತರಗತಿಗಳನ್ನು ನಡೆಸಿದರು. ಅವರ ಶಿಷ್ಯ ರಾಬರ್ಟ್ ಕಜಿಮೆರೊ, ಗುರುವಿನ ಮಾತಿನಂತೆ, 1975ರಲ್ಲಿ ಗಂಡಸರಿಗಾಗಿಯೇ ನಾ ಕಮಲೆಇ ಎಂಬ ಶಾಲೆಯನ್ನು ಆರಂಭಿಸಿದರು. ಹಿಲೊ ಪಟ್ಟಣದ ಮೆರಿ ಮೊನಾರ್ಕ್ ಉತ್ಸವದಲ್ಲಿ 1971ರಿಂದ ನಡೆಯುತ್ತಿದ್ದ ಹುಲಾ ಸ್ಪರ್ಧೆಗೆ 1976ರಲ್ಲಿ ಗಂಡಸರ ವಿಭಾಗ ಸೇರಿತು. ಆದುದರಿಂದ ಇಂದು ಯಾವ ಗಂಡಸು ಹುಲಾ ಕಲಿತರೂ ಅವನ ಗುರುಪರಂಪರೆಯಲ್ಲಿ ಎಲ್ಲೋ ಒಂದು ಕಡೆ ಹೆಂಗಸೊಬ್ಬಳು ನಿಂತಿರುವ ಸಾಧ್ಯತೆ ಹೆಚ್ಚು. ಗಂಡುತನದ ಪ್ರದರ್ಶನಕ್ಕೆಂದು ಹುಲಾಕ್ಕೆ ಬರುವವರು ಇದನ್ನು ನೆನಪಿಡುವುದು ಒಳ್ಳೆಯದು. ಹೆಣ್ಣು ಗಂಡು ಎರಡೂ ಗುಣಗಳನ್ನು ಹೊತ್ತ ಮಾಹೂ ಎಂಬ ಜನರಿಗೂ ಈ ಕಲೆಯಲ್ಲಿ ಗೌರವದ ಸ್ಥಾನವಿದೆ. ಹೆಸರಾಂತ ಗುರುಗಳಲ್ಲಿ ಅಂಥವರೂ ಇದ್ದಾರೆ.

ಗುರುವನ್ನು ಹುಡುಕುವುದು

ಹುಲಾ ಶಾಲೆಗೆ ಹಾಲೌ ಎಂದೂ, ಗುರುವಿಗೆ ಕುಮು ಹುಲಾ ಎಂದೂ, ಗಂಡಸರ ತಂಡಕ್ಕೆ ಕಾನೆ ಎಂದೂ ಹೆಸರು. ಕಲಿಯಬಯಸುವವರು ಮೊದಲು ಕೇಳಬೇಕಾದ ಪ್ರಶ್ನೆ ಶುಲ್ಕದ್ದಾಗಲಿ ಸಮಯದ್ದಾಗಲಿ ಅಲ್ಲ. ಆ ಗುರು ಯಾರಲ್ಲಿ ಕಲಿತರು, ಅವರಿಗೆ ಕಲಿಸುವ ಅಧಿಕಾರವನ್ನು ಕೊಟ್ಟವರು ಯಾರು ಎಂಬುದು. ಹವಾಯಿಯಲ್ಲಿ ಇದನ್ನು ಕೇಳುವುದು ಉದ್ಧಟತನವೆನಿಸದು. ನಿಜವಾದ ಗುರುಗಳು ತಮ್ಮ ಗುರುವಿನ ಹೆಸರನ್ನು ಕೇಳದೆಯೇ ಹೇಳುತ್ತಾರೆ. ಹೇಳಲು ತಡವರಿಸುವವರಲ್ಲಿಗೆ ಹೋಗದಿರುವುದು ಮೇಲು.

ಹುಲಾದಲ್ಲಿ ಎರಡು ದೊಡ್ಡ ಬಗೆಗಳಿವೆ. ಪಠಣ ಮತ್ತು ತಾಳವಾದ್ಯಗಳೊಂದಿಗೆ ಆಡುವ ಹಳೆಯ ಬಗೆಗೆ ಕಹಿಕೊ ಎಂದೂ, ಗಿಟಾರ್, ಉಕುಲೆಲೆಗಳಂಥ ತಂತಿವಾದ್ಯಗಳ ಹಾಡಿಗೆ ಆಡುವ ಹೊಸ ಬಗೆಗೆ ಔಅನ ಎಂದೂ ಕರೆಯುತ್ತಾರೆ. ಸಾಂಪ್ರದಾಯಿಕ ಹುಲಾವನ್ನು ಗುರಿಯಾಗಿಸಿಕೊಂಡವರು ಕಹಿಕೊ ಕಲಿಸುವ ಕಾನೆ ತರಗತಿ ಇದೆಯೇ ಎಂದು ವಿಚಾರಿಸಬೇಕು, ಏಕೆಂದರೆ ಎಷ್ಟೋ ಶಾಲೆಗಳಲ್ಲಿ ಗಂಡಸರು ಕಡಿಮೆಯಿದ್ದು ತರಗತಿಯೇ ನಡೆಯುವುದಿಲ್ಲ. ಹವಾಯಿಗೆ ಹೋಗಿ ನೆಲೆಸಬೇಕೆಂದೇನೂ ಇಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಗಟ್ಟಿಯಾದ ಶಾಲೆಗಳಿವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1985ರಲ್ಲಿ ಶಾಲೆ ಆರಂಭಿಸಿದ ಪ್ಯಾಟ್ರಿಕ್ ಮಕುಅಕಾನೆಯವರಿಗೆ 2023ರಲ್ಲಿ ಅಮೆರಿಕದ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ಗೌರವ ದೊರೆಯಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಕನ್ನಡಿಗರಿಗೆ ಈ ಶಾಲೆಗಳು ಕಾರಿನ ದಾರಿಯಷ್ಟೇ ದೂರ.

ತರಗತಿಗೆ ಸೇರಿದ ಮೇಲೆ ನಡೆದುಕೊಳ್ಳುವ ರೀತಿಗೆ ಹವಾಯಿಯ ಹಳೆಯ ಗಾದೆಯೊಂದಿದೆ: ಕಣ್ಣು ನೋಡಲಿ, ಕಿವಿ ಕೇಳಲಿ, ಬಾಯಿ ಮುಚ್ಚಿರಲಿ. ಪ್ರಶ್ನೆ ಕೇಳಿ ಕಲಿಯುವ ಅಭ್ಯಾಸವಿರುವ ನಮ್ಮಂಥವರಿಗೆ ಇದು ಕಷ್ಟ. ಆದರೆ ಮೊದಲ ಕೆಲವು ತಿಂಗಳು ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಅವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಮುಂದಿನ ಸಾಲಿನ ಹಳೆಯ ವಿದ್ಯಾರ್ಥಿಯ ಕಾಲಿನಲ್ಲೇ ಸಿಗುತ್ತದೆ.

ಭಾಷೆಯನ್ನು ಬಾಯಿಗೆ ತರುವುದು

ಕನ್ನಡ ಬಲ್ಲವರು ತಾವೇ ಅರಿಯದ ಒಂದು ಅನುಕೂಲದೊಂದಿಗೆ ಬರುವುದು ಇಲ್ಲಿ. ಹವಾಯಿ ಭಾಷೆಯಲ್ಲಿ ಸ್ವರ ಐದು, ವ್ಯಂಜನ ಎಂಟು. ಪ್ರತಿ ಸ್ವರಕ್ಕೂ ಹ್ರಸ್ವ ದೀರ್ಘಗಳಿದ್ದು, ಆ ವ್ಯತ್ಯಾಸದಿಂದ ಅರ್ಥವೇ ಬದಲಾಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ಕಿವಿಗೆ ಬೀಳಲು ವರ್ಷ ಹಿಡಿಯುತ್ತದೆ. ಎ ಏ, ಒ ಓ ಎಂದು ಬಾಲ್ಯದಲ್ಲೇ ತಿದ್ದಿದವರಿಗೆ ಅದು ತಾನಾಗಿ ಕೇಳಿಸುತ್ತದೆ. ಹವಾಯಿ ಅಕ್ಷರದ ಮೇಲೆ ಗೆರೆ ಕಂಡರೆ ದೀರ್ಘ ಎಂದಷ್ಟೇ ತಿಳಿದು, ಪಠಣವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದು; ರೋಮನ್ ಲಿಪಿಗಿಂತ ನಮಗೆ ಅದೇ ನಂಬಿಕೆಯ ಆಸರೆ.

ಆದರೆ ಅದೇ ಕನ್ನಡ ಒಂದು ತೊಡಕನ್ನೂ ತಂದಿಡುತ್ತದೆ. ಎಂಟನೆಯ ವ್ಯಂಜನ ಒಕಿನ. ಗಂಟಲಲ್ಲಿ ದನಿಯನ್ನು ಒಂದು ಕ್ಷಣ ತಡೆದು ಬಿಡುವುದೇ ಅದರ ಉಚ್ಚಾರ. ಈ ಲೇಖನದಲ್ಲಿ ಪದದ ನಡುವೆ ಕಾಣುವ ʼ ಎಂಬ ಚಿಹ್ನೆ ಅದರ ಗುರುತು. ನಮ್ಮ ನಾಲಗೆಗೆ ಎರಡು ಸ್ವರ ಎದುರಾದರೆ ನಡುವೆ ಯಕಾರವನ್ನೋ ವಕಾರವನ್ನೋ ತೂರಿಸಿ ಹೊಂದಿಸುವ ಹುಟ್ಟುಗುಣ: ಮನೆಯನ್ನು, ಗುರುವನ್ನು. ಹವಾಯಿ ಎಂದು ನಾವು ಬರೆಯುವ ಹೆಸರನ್ನೇ ನೋಡಿ; ಅಲ್ಲಿಯವರು ಕೊನೆಯ ಇಕಾರದ ಮುಂದೆ ದನಿ ತಡೆದು ಹವೈʼಇ ಎನ್ನುತ್ತಾರೆ, ನಾವು ಆ ಬಿರುಕನ್ನು ಯಕಾರದಿಂದ ಮುಚ್ಚುತ್ತೇವೆ. ಪಠಣದಲ್ಲಿ ಹೀಗೆ ಮಾಡಿದರೆ ಅನರ್ಥ. ಪಉ ಎಂದರೆ ಮುಗಿಯಿತು, ಪʼಉ ಎಂದರೆ ಮಸಿ, ಪʼಊ ಎಂದರೆ ಒದ್ದೆ, ಪಾʼಊ ಎಂದರೆ ನರ್ತಕರು ಸೊಂಟಕ್ಕೆ ಉಡುವ ಲಂಗ. ನಾಲ್ಕನ್ನೂ ಸರದಿಯಲ್ಲಿ ದಿನಕ್ಕೆ ಐದು ನಿಮಿಷ ಗಟ್ಟಿಯಾಗಿ ಹೇಳುವುದನ್ನು ಮೊದಲ ಅಭ್ಯಾಸವಾಗಿ ಇಟ್ಟುಕೊಳ್ಳಬಹುದು.

ಉಚ್ಚಾರ ಕೂಡಿಬಂದ ಮೇಲೆ ಅರ್ಥ. ನೃತ್ಯವಿಲ್ಲದ ಪಠಣ ಒಲಿ. ಹಾಡು ಅಥವಾ ಪದ್ಯ ಮೆಲೆ. ಕಹಿಕೊ ಕಲಿಯುವವರಿಗೆ ಆರಂಭದಲ್ಲೇ ಹೇಳಿಕೊಡುವ ಪಠಣಗಳಲ್ಲಿ ಕಾವಿಕ ಒಂದು. ಕಾವಿಕ ಎಂದರೆ ಡೇವಿಡ್, ಅಂದರೆ ದೊರೆ ಕಲಾಕೌಅ. ಇದು ಅವನ ನಾಮಸ್ತುತಿ. ಅದರಲ್ಲಿ ದೊರೆ ಹೂಗಳಲ್ಲೆಲ್ಲ ಶ್ರೇಷ್ಠವಾದ ಹೂವು. ಆ ಹೂವು ಯಾರದು ಎಂಬ ಪ್ರಶ್ನೆಗೆ ಅವನ ತಂದೆಯ ಹೆಸರು ಉತ್ತರ. ಇದು ತಿಳಿಯದ ವಿದ್ಯಾರ್ಥಿ ಬೆರಳು ಕೂಡಿಸಿ ತೋಟದ ಹೂವನ್ನು ತೋರಿಸುತ್ತಾನೆ; ತಿಳಿದವನು ಅದೇ ಬೆರಳುಗಳಿಂದ ದೊರೆಯನ್ನು ತೋರಿಸುತ್ತಾನೆ. ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುತ್ತದೆ, ಅದನ್ನು ವಿವರಿಸುವುದು ಮಾತ್ರ ಕಷ್ಟ. ಪದ್ಯದೊಳಗೆ ಹೀಗೆ ಅಡಗಿರುವ ಅರ್ಥಕ್ಕೆ ಕಒನ ಎನ್ನುತ್ತಾರೆ. ಮಳೆ, ಗಾಳಿ, ಬೆಟ್ಟ, ಕೊಲ್ಲಿ ಇವುಗಳಿಗೆ ಹವಾಯಿಯಲ್ಲಿ ಊರೂರಿಗೆ ಬೇರೆ ಹೆಸರಿದ್ದು, ಒಂದು ಮಳೆಯ ಹೆಸರು ಒಬ್ಬ ವ್ಯಕ್ತಿಯನ್ನೋ ಒಂದು ಪ್ರೇಮವನ್ನೋ ಸೂಚಿಸುವುದುಂಟು. ಹೀಗಾಗಿ ಹೊಸ ಪದ್ಯ ಸಿಕ್ಕಾಗ ಮಾಡಬೇಕಾದ ಕೆಲಸ ಇಷ್ಟು: ಪದಪದದ ಅರ್ಥ ಬರೆದುಕೊಳ್ಳುವುದು, ಹೆಸರಿಸಿದ ಸ್ಥಳಗಳನ್ನು ಭೂಪಟದಲ್ಲಿ ಹುಡುಕುವುದು, ಯಾರಿಗಾಗಿ ಯಾರು ಕಟ್ಟಿದ್ದು ಎಂದು ತಿಳಿಯುವುದು, ಕುಳಿತು ಬಾಯಿಪಾಠವಾಗುವ ತನಕ ಹೇಳುವುದು. ಅದಕ್ಕೆ ಮುಂಚೆ ಎದ್ದು ನಿಲ್ಲಬೇಡಿ.

ದೇಹವನ್ನು ಅಣಿಗೊಳಿಸುವುದು

ಭರತನಾಟ್ಯವನ್ನು ಅಲ್ಪಸ್ವಲ್ಪ ಕಲಿತವರು ಎಚ್ಚರವಾಗಿರಬೇಕಾದ ಒಂದು ಅಂಶವಿದೆ. ಅರೆಮಂಡಿಯಲ್ಲಿ ಮೊಣಕಾಲು ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹುಲಾದಲ್ಲಿ ಪಾದಗಳೆರಡೂ ಸಮಾನಾಂತರವಾಗಿ ಮುಂದಕ್ಕೆ ನೋಡುತ್ತವೆ, ಮೊಣಕಾಲು ಮುಂದಕ್ಕೇ ಬಾಗುತ್ತದೆ. ಬೆನ್ನು ನೇರ, ಭುಜ ಸಮ, ತಲೆ ಒಂದೇ ಎತ್ತರದಲ್ಲಿ. ಗಂಡಸರ ಕಹಿಕೊದಲ್ಲಿ ನಿಲುವು ಇನ್ನೂ ಅಗಲ, ಇನ್ನೂ ತಗ್ಗು. ನೆಲಕ್ಕೆ ಹತ್ತಿರವಾಗಿ ಬಾಗಿ ಬಿರುಸಿನಿಂದ ಆಡುವ ಈ ಶೈಲಿಗೆ ಐಹʼಅ ಎಂದು ಹೆಸರು. ಹೊಸಬರ ತೊಡೆ ಮೊದಲ ವಾರಗಳಲ್ಲಿ ನಡುಗುವುದು ಸಹಜ. ನೋವು ತೊಡೆಯಲ್ಲಿದ್ದರೆ ಮುಂದುವರಿಸಿ, ಮೊಣಕಾಲಿನ ಕೀಲಿನಲ್ಲಿದ್ದರೆ ಅಂದೇ ಗುರುವಿಗೆ ಹೇಳಿ.

ಮೂಲ ಹೆಜ್ಜೆಗಳಲ್ಲಿ ಮೊದಲನೆಯದು ಕಾಹೊಲೊ. ಬಲಗಾಲನ್ನು ಬಲಕ್ಕೆ ಇಟ್ಟು ಎಡಗಾಲನ್ನು ಕೂಡಿಸಿ, ಮತ್ತೆ ಬಲಗಾಲಿಟ್ಟು ಮತ್ತೆ ಕೂಡಿಸುವುದು; ನಾಲ್ಕು ಎಣಿಕೆ ಮುಗಿದ ಮೇಲೆ ಎಡಕ್ಕೆ ಅದೇ. ಹೆಲದಲ್ಲಿ ಒಂದು ಪಾದವನ್ನು ಓರೆಯಾಗಿ ಮುಂದೆ ಚಾಚಿ ನೆಲಕ್ಕೆ ಮುಟ್ಟಿಸಿ ಹಿಂದೆ ತರುತ್ತಾರೆ, ಭಾರವೆಲ್ಲ ಬಾಗಿದ ಇನ್ನೊಂದು ಕಾಲಿನ ಮೇಲೆ. ಉವೆಹೆಯಲ್ಲಿ ಒಂದು ಹೆಜ್ಜೆಯಿಟ್ಟು ಎರಡೂ ಹಿಮ್ಮಡಿಗಳನ್ನು ಚಟ್ಟನೆ ಎತ್ತಿ ಮೊಣಕಾಲನ್ನು ಚಿಮ್ಮಿಸುತ್ತಾರೆ. ಸೊಂಟವನ್ನು ಸುತ್ತಿಸುವ ಅಮಿ ಗಂಡಸರಿಗೂ ಇದೆ, ಅದಕ್ಕೆ ನಾಚಬೇಕಾಗಿಲ್ಲ. ಆದರೆ ಭುಜ ಅಲುಗದೆ ಸೊಂಟ ತಿರುಗಬೇಕಾದರೆ ಮೊಣಕಾಲು ಸಾಕಷ್ಟು ಬಾಗಿರಬೇಕು. ನೆಟ್ಟಗೆ ನಿಂತು ಅಮಿ ಮಾಡಲು ಹೋಗುವವರೇ ನಗೆಪಾಟಲಾಗುವುದು. ಇವು ನಾಲ್ಕು ನೆಲೆಗೊಂಡರೆ ಉಳಿದ ಹೆಜ್ಜೆಗಳು ಬೇಗ ಬರುತ್ತವೆ. ಕನ್ನಡಿಯ ಮುಂದೆ ಅಭ್ಯಾಸ ಮಾಡುವಾಗ ಕಾಲು ನೋಡಬೇಡಿ, ತಲೆಯ ಎತ್ತರ ಏರಿಳಿಯುತ್ತದೆಯೇ ಎಂಬುದನ್ನಷ್ಟೇ ನೋಡಿ.

ಕೈಗಳ ವಿಷಯದಲ್ಲಿ, ನಮ್ಮ ಹಸ್ತಮುದ್ರೆಗಳಂತೆ ಹೆಸರಿಟ್ಟು ಪಟ್ಟಿ ಮಾಡಿದ ಸಂಕೇತಗಳನ್ನು ಇಲ್ಲಿ ನಿರೀಕ್ಷಿಸಬಾರದು. ಮಳೆ, ಅಲೆ, ಸೂರ್ಯ, ಹೂವು ಇವಕ್ಕೆಲ್ಲ ರೂಢಿಯ ಚಲನೆಗಳಿದ್ದರೂ ಪ್ರತಿ ಪರಂಪರೆಯಲ್ಲಿ ಅವು ಕೊಂಚ ಬೇರೆ; ನಿಮ್ಮ ಗುರು ಕಲಿಸಿದ್ದೇ ನಿಮಗೆ ಸರಿ. ವಿದ್ಯೆಯೆಲ್ಲ ಒಂದೇ ಶಾಲೆಯಲ್ಲಿ ಮುಗಿಯುವುದಿಲ್ಲ ಎಂಬ ಗಾದೆಯನ್ನು ಅಲ್ಲಿಯವರು ಮಾತುಮಾತಿಗೆ ಹೇಳುತ್ತಾರಾದರೂ, ಎರಡು ಶಾಲೆಗಳ ಚಲನೆಗಳನ್ನು ತನ್ನಿಚ್ಛೆಯಂತೆ ಬೆರೆಸುವ ವಿದ್ಯಾರ್ಥಿಯನ್ನು ಯಾರೂ ಮೆಚ್ಚುವುದಿಲ್ಲ. ಕೈ ಹೋದತ್ತ ಕಣ್ಣು ಹೋಗಬೇಕೆಂಬ ನಿಯಮ ಮಾತ್ರ ನಮ್ಮವರಿಗೆ ಪರಿಚಿತವೇ.

ತಾಳ ಮತ್ತು ದನಿ

ನರ್ತಿಸುವವರು ಓಲಪ, ಕುಳಿತು ಪಠಿಸುತ್ತ ತಾಳ ಹಾಕುವವರು ಹೊʼಒಪʼಅ. ಮುಖ್ಯವಾದ ತಾಳವಾದ್ಯ ಇಪು ಹೆಕೆ; ಒಣಗಿದ ಎರಡು ಸೋರೆಬುರುಡೆಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ್ದು. ಮೆತ್ತೆಯ ಮೇಲೆ ಅದನ್ನು ಕುಟ್ಟಿದಾಗ ಹುಟ್ಟುವ ಮಂದ್ರ ನಾದಕ್ಕೆ ಉ ಎಂದೂ, ಬೆರಳಿನಿಂದ ಬದಿಯನ್ನು ತಟ್ಟಿದಾಗ ಬರುವ ಚುರುಕು ನಾದಕ್ಕೆ ತೆ ಎಂದೂ ಬಾಯಿಯಲ್ಲಿ ಹೇಳಿಕೊಂಡು ಕಲಿಯುತ್ತಾರೆ. ಬರಿನೆಲದ ಮೇಲೆ ಕುಟ್ಟಿದರೆ ಬುರುಡೆ ಬಿರಿಯುತ್ತದೆ. ತೆಂಗಿನ ಕಾಂಡವನ್ನು ಕೊರೆದು ಶಾರ್ಕ್ ಮೀನಿನ ಚರ್ಮ ಬಿಗಿದ ಪಹು ಎಂಬ ಮದ್ದಳೆ ಹೆಚ್ಚು ಗಂಭೀರವಾದ ಪಠಣಗಳಿಗೆ ಮೀಸಲು; ಗುರು ಹೇಳುವ ತನಕ ಅದನ್ನು ಮುಟ್ಟದಿರುವುದು ವಾಡಿಕೆ. ನರ್ತಕರೇ ಹಿಡಿದು ಆಡುವ ವಾದ್ಯಗಳಲ್ಲಿ ಕೋಲುಗಳೂ, ಸೀಳಿದ ಬಿದಿರೂ, ಹೊಳೆಗಲ್ಲುಗಳೂ ಇವೆ. ವೆಬ್ಬರನ ಚಿತ್ರದಲ್ಲಿನ ಗರಿಯ ಗಿಲಕಿಯ ಹೆಸರು ಉಲಿʼಉಲಿ. ನಮ್ಮ ಉಲಿಗೂ ಅದಕ್ಕೂ ಯಾವ ನಂಟೂ ಇಲ್ಲ, ಆದರೂ ಕನ್ನಡಿಗರು ಮರೆಯದ ಹೆಸರಿದು.

ನರ್ತಕನ ಬಾಯಿಗೂ ಕೆಲಸವಿದೆ. ಒಂದು ಚರಣ ಮುಗಿಯುತ್ತಿದ್ದಂತೆ ಮುಂದಿನ ಚರಣದ ಮೊದಲ ಪದಗಳನ್ನು ಗಟ್ಟಿಯಾಗಿ ಕೂಗಿ ಹೇಳುವುದಕ್ಕೆ ಕಾಹೆಅ ಎನ್ನುತ್ತಾರೆ. ಮೊಣಕಾಲು ಬಾಗಿದ್ದು ಏದುಸಿರು ಬರುತ್ತಿರುವಾಗ ಈ ಕೂಗು ಸ್ಪಷ್ಟವಾಗಿ ಹೊರಡಬೇಕಾದರೆ ದಿನವೂ ನಡೆಯುತ್ತಲೋ ಮೆಟ್ಟಿಲು ಹತ್ತುತ್ತಲೋ ಪಠಣ ಹೇಳುವ ಅಭ್ಯಾಸ ಬೇಕು. ಹʼಇನ ಎಂಬ ಪದ ಕೇಳಿಸಿತೆಂದರೆ ಕಥೆ ಹೇಳಿಯಾಯಿತು, ಕೊನೆಯ ಚರಣ ಬಂತು ಎಂದರ್ಥ.

ಉಡುಗೆ, ಮಾಲೆ, ಕಾಡು

ಕಾನೆ ನರ್ತಕರ ಹಳೆಯ ಉಡುಗೆ ಮಲೊ. ಉದ್ದನೆಯ ಒಂದೇ ಬಟ್ಟೆಯನ್ನು ಸೊಂಟಕ್ಕೂ ಕಾಲ್ನಡುವೆಗೂ ಬಿಗಿದು ಕಟ್ಟುವುದು. ಹಿಂದೆ ಅದಕ್ಕೆ ಮರದ ತೊಗಟೆಯನ್ನು ಬಡಿದು ಮಾಡಿದ ಕಪ ಎಂಬ ವಸ್ತ್ರ ಬಳಸುತ್ತಿದ್ದರು. ಕಚ್ಚೆ ಕಟ್ಟಿ ಗೊತ್ತಿದ್ದವರಿಗೂ ಮಲೊ ಮೊದಲ ಸಲಕ್ಕೆ ಒಗ್ಗುವುದಿಲ್ಲ. ಕೊನೆಯ ಕೆಲವು ಅಭ್ಯಾಸಗಳನ್ನು ಅದನ್ನು ಉಟ್ಟೇ ಮಾಡಿ.

ತಲೆಗೂ ಕೊರಳಿಗೂ ಮಣಿಕಟ್ಟಿಗೂ ಕಾಲಿಗೂ ಹಾಕುವ ಎಲೆ ಹೂಗಳನ್ನು ಕಾಡಿನಿಂದ ತರುವುದು ಹುಲಾದ ಭಾಗವೇ. ಅಪ್ಪಣೆ ಕೋರುವ ಪಠಣ ಹೇಳಿ, ಬೇಕಾದಷ್ಟೇ ಕಿತ್ತು, ಬೇರಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಸರಕಾರಿ ಅರಣ್ಯವಾದರೆ ಇಲಾಖೆಯ ಪರವಾನಗಿಯೂ ಬೇಕು. ಈಚೆಗೆ ಇದರಲ್ಲಿ ಹೊಸದೊಂದು ಕಟ್ಟುನಿಟ್ಟು ಸೇರಿದೆ. ಹುಲಾಕ್ಕೆ ಪವಿತ್ರವಾದ ಓಹಿʼಅ ಮರಗಳನ್ನು ಶಿಲೀಂಧ್ರವೊಂದು ಬೇಗನೆ ಕೊಲ್ಲುತ್ತಿರುವುದು 2014ರಲ್ಲಿ ಹವಾಯಿಯ ದೊಡ್ಡ ದ್ವೀಪದಲ್ಲಿ ಪತ್ತೆಯಾಯಿತು. ಮರಕ್ಕೆ ಗಾಯವಾದಲ್ಲಿ ರೋಗ ಒಳಸೇರುತ್ತದೆ. ಆದುದರಿಂದ ಅದರ ಕೆಂಪು ಲೆಹುಅ ಹೂವನ್ನಾಗಲಿ ಚಿಗುರನ್ನಾಗಲಿ ಕೀಳದಿರುವುದು ಕ್ಷೇಮ. ಕಾಡಿಗೆ ಹೋಗುವ ಮುಂಚೆಯೂ ಬಂದ ಮೇಲೆಯೂ ಪಾದರಕ್ಷೆಯ ಮಣ್ಣನ್ನು ಉಜ್ಜಿ ತೆಗೆದು, ಕತ್ತಿ ಕತ್ತರಿಗಳನ್ನು ಶೇಕಡಾ 70ರ ಆಲ್ಕೊಹಾಲಿನಿಂದ ಒರೆಸಬೇಕು. ಆ ಮರದ ಯಾವ ಭಾಗವನ್ನೂ ಪರವಾನಗಿಯಿಲ್ಲದೆ ದ್ವೀಪದಿಂದ ಹೊರಗೆ ಒಯ್ಯುವಂತಿಲ್ಲ. ದೇವತೆಯ ರೂಪವೆನಿಸಿದ ಹೂವನ್ನು ಮುಡಿಯದೆ ಬಿಡುವುದೇ ಈಗ ಅದಕ್ಕೆ ಸಲ್ಲುವ ಪೂಜೆ ಎಂದು ನನಗೆ ತೋರುತ್ತದೆ.

ಲಕ ದೇವತೆಗಾಗಿ ಶಾಲೆಯಲ್ಲಿ ಕಟ್ಟುವ ಕುಅಹು ಎಂಬ ಪೀಠವನ್ನು ನೋಡಿ ಬಂದು ಮನೆಯಲ್ಲಿ ತಾವೇ ಒಂದನ್ನು ಕಟ್ಟಿಕೊಳ್ಳುವ ಉತ್ಸಾಹ ಕೆಲವರಿಗೆ ಬರುತ್ತದೆ. ಬೇಡ. ಅದಕ್ಕೆ ವ್ರತನಿಯಮಗಳಿವೆ, ಅವನ್ನು ಕೊಡಬೇಕಾದವರು ಗುರು.

ಕಲಿಸುವ ಯೋಚನೆ ಬಂದಾಗ

ಐದಾರು ವರ್ಷ ಚೆನ್ನಾಗಿ ಆಡಿದವನಿಗೆ ಕಲಿಸಬೇಕೆಂಬ ಆಸೆ ಹುಟ್ಟುವುದು ತಪ್ಪಲ್ಲ. ತಾನೇ ಕುಮು ಎಂದು ಹಲಗೆ ಹಾಕಿಕೊಳ್ಳುವುದು ತಪ್ಪು. ಊನಿಕಿ ಎಂಬ ದೀಕ್ಷಾಂತ ವಿಧಿಯ ಮೂಲಕ ಗುರುವು ವಿದ್ಯಾರ್ಥಿಯನ್ನು ಮೊದಲು ಓಲಪನಾಗಿ, ಅನಂತರ ಹೊʼಒಪʼಅನಾಗಿ, ಕೊನೆಗೆ ಕುಮು ಆಗಿ ಅಂಗೀಕರಿಸುವುದು ಸಂಪ್ರದಾಯ. ಒಂದೊಂದು ಹಂತಕ್ಕೂ ವರ್ಷಗಳೇ ಹಿಡಿಯುತ್ತವೆ, ಕೊನೆಯದು ಎಲ್ಲರಿಗೂ ದೊರೆಯುವುದಿಲ್ಲ. ಹವಾಯಿಯ ಹೊರಗೆ ದೀಕ್ಷೆಯಿಲ್ಲದವರು ಹುಲಾವನ್ನು ಮಾರುವುದು ಹೆಚ್ಚಿದುದರಿಂದ 2021ರ ಆಗಸ್ಟ್‌ನಲ್ಲಿ ಕುಮು ಹುಲಾಗಳು ಒಟ್ಟುಗೂಡಿ, ಹುಲಾದ ಘನತೆ ಮತ್ತು ಸಂರಕ್ಷಣೆಯ ಬಗ್ಗೆ ಘೋಷಣೆಯೊಂದನ್ನೇ ಹೊರಡಿಸಿದರು. ಹೊರಗಿನವರಾದ ನಮಗೆ ಅದು ನೇರವಾಗಿ ಅನ್ವಯಿಸುತ್ತದೆ.

ದೀಕ್ಷೆ ಪಡೆಯದವರು ಮಾಡಬಹುದಾದ ಕೆಲಸವೂ ಬೇಕಾದಷ್ಟಿದೆ. ಗುರುವಿನ ಅನುಮತಿಯಿಂದ ಹೊಸಬರ ತಂಡಕ್ಕೆ ಮೂಲ ಹೆಜ್ಜೆಗಳನ್ನು ಅಭ್ಯಾಸ ಮಾಡಿಸುವುದು, ಪಠಣದ ಉಚ್ಚಾರ ತಿದ್ದುವುದು, ಮಾಲೆ ಕಟ್ಟಲು ಕಲಿಸುವುದು. ಗಂಡುಹುಡುಗರ ತಂಡವಾದರೆ ಮೊದಲ ತಿಂಗಳು ಹೆಜ್ಜೆಗಿಂತ ಇಪು ಬಾರಿಸುವುದನ್ನು ಮುಂದಿಡಿ. ಕೈಗೆ ಕೆಲಸ ಸಿಕ್ಕ ಹುಡುಗರು ನಾಚಿಕೆಯನ್ನು ಬೇಗ ಮರೆಯುತ್ತಾರೆ. ಯಾರಾದರೂ ತಡವರಿಸಿದರೆ ಹೆಜ್ಜೆಯನ್ನು ತೋರಿಸುವ ಮೊದಲು ಪದ್ಯದ ಆ ಸಾಲಿನ ಅರ್ಥವನ್ನು ಕೇಳಿ. ಕಾಲು ಎಡವುವ ಜಾಗದಲ್ಲಿ ಬಹುಮಟ್ಟಿಗೆ ಅರ್ಥವೇ ಮರೆತಿರುತ್ತದೆ.

ವೇದಿಕೆ ಏರುವ ದಿನ ಪ್ರೇಕ್ಷಕರಿಗೆ ಹೇಳಬೇಕಾದ ಮಾತನ್ನು ಮುಂಚೆಯೇ ಬರೆದು ಗುರುವಿಗೆ ತೋರಿಸಿಕೊಳ್ಳಿ: ಪದ್ಯ ಯಾರನ್ನು ಕುರಿತದ್ದು, ಕಟ್ಟಿದವರು ಗೊತ್ತಿದ್ದರೆ ಅವರ ಹೆಸರು, ಅದರಲ್ಲಿ ಬರುವ ಊರು, ಈ ನೃತ್ಯವನ್ನು ನಿಮಗೆ ಕಲಿಸಿದವರು, ಅವರಿಗೆ ಕಲಿಸಿದವರು. ನಿಮ್ಮ ಹೆಸರು ಕೊನೆಯಲ್ಲಿ ಬಂದರೆ ಸಾಕು. ಆಮೇಲೆ ಹೊʼಒಪʼಅನ ಕಡೆ ತಿರುಗಿ, ಮೊಣಕಾಲು ಬಾಗಿಸಿ, ಮೊದಲ ಉ ಕೇಳಿಸುವ ತನಕ ಕಾಯಿರಿ.